ಹಳೇ ಅಂಬಾಸಿಡರ್‌ಗೆ ಎಂಥ ಕ್ಯಾಮ್ ಬೇಕು?

ಹಳೆಯ ಕಾರುಗಳ ಬಗ್ಗೆ ಈ ಅಂಕಣದಲ್ಲಿ ಏನು ಬರೆದರೂ ಓದುಗರಿಂದ ಬರುವ ಒಂದು ಪ್ರಶ್ನೆ ಮಾತ್ರ ತಪ್ಪುವುದಿಲ್ಲ. "ಸಾರ್, ಅಪ್ಪನ ಕಾಲದ ಅಂಬಾಸಿಡರ್ ಇದೆ. ಟಿಂಕರಿಂಗ್ ಮುಗೀತು, ಪೇಂಟ್ ಆಯ್ತು, ಎಂಜಿನ್ನೂ ಬೋರ್ ಮಾಡಿಸಿದ್ದೀವಿ. ಪಿಕಪ್ ಮಾತ್ರ ಸಾಲದು. ಪರ್ಫಾರ್ಮೆನ್ಸ್ ಕ್ಯಾಮ್ ಹಾಕಿಸಿದ್ರೆ ಹೇಗೆ? ಯಾವುದು ಒಳ್ಳೇದು?" ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರೂ ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರೂ ಇದನ್ನೇ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಹುಡುಗರು. ಅಜ್ಜನೋ ಅಪ್ಪನೋ ಓಡಿಸಿದ ಕಾರನ್ನು ಗುಜರಿಗೆ ಹಾಕದೆ ಉಳಿಸಿಕೊಂಡು, ಸಂಬಳದಲ್ಲಿ ಮಿಗಿಸಿದ ಹಣವನ್ನು ಅದಕ್ಕೆ ಸುರಿಯುತ್ತಿರುವವರು. ಅವರ ದುಡ್ಡು ದಂಡವಾಗಬಾರದು ಎಂಬ ಕಾಳಜಿಯಿಂದ ಈ ವಾರ ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಯಾವ ಕ್ಯಾಮ್ ಒಳ್ಳೇದು ಎಂದರೆ ಉತ್ತರವಿಲ್ಲ. ನಾನು ಓಡಿಸುವ ಆರ್‌ಪಿಎಂಗೆ ಯಾವ ಕ್ಯಾಮ್ ಒಳ್ಳೇದು ಎಂದರೆ ಉತ್ತರವಿದೆ. ಕ್ಯಾಮ್‌ಶಾಫ್ಟ್ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ. ಎಂಜಿನ್ ಯಾವ ವೇಗದಲ್ಲಿ ಚೆನ್ನಾಗಿ ಉಸಿರಾಡಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಮೇಲೆ ಹೆಚ್ಚು ಬೇಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಕೆಳಗೆ ಬಿಟ್ಟುಕೊಡಬೇಕು. ಟ್ರಾಫಿಕ್ಕಿನಲ್ಲಿ, ಘಾಟಿಯಲ್ಲಿ, ನಾಲ್ಕು ಜನರನ್ನು ಕೂರಿಸಿಕೊಂಡು ಮದುವೆಗೆ ಹೋಗುವಾಗ ನಮಗೆ ಬೇಕಾದ ಎಳೆತ ಇರುವುದು ಆ ಕೆಳಗೇ.

ಅಂಬಾಸಿಡರ್ ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಅದಕ್ಕೆ ಕಾರಣವಿದೆ. ಕೋಲ್ಕತ್ತದ ಪಕ್ಕದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದರೊಳಗಿನ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಮನೆತನದ್ದು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದೇ 1489 ಸಿಸಿ. 1962ರ ಎಂಜಿಬಿಯ ಹೊತ್ತಿಗೆ ಅದೇ ಮನೆತನ 1798 ಸಿಸಿಗೆ ಬೆಳೆದಿತ್ತು. ಅಂಬಾಸಿಡರ್‌ನ ಶಕ್ತಿ 50 ಕುದುರೆಯ ಆಸುಪಾಸು. ಅಷ್ಟೇ ಸಿಸಿಯ ಎಂಜಿಎ 70ರ ಹತ್ತಿರ ಕೊಡುತ್ತಿತ್ತು. ಎಂಜಿಬಿ 5400 ಆರ್‌ಪಿಎಂನಲ್ಲಿ 95. ನಮ್ಮ ಹುಡುಗರು ಇದನ್ನು ಓದಿಕೊಂಡೇ ಬಂದಿರುತ್ತಾರೆ. ಅಷ್ಟೇ ಸಿಸಿಯಲ್ಲಿ ಇನ್ನೂ 20 ಕುದುರೆ ಎಲ್ಲಿಂದ ಬಂತು, ಕ್ಯಾಮ್‌ನಿಂದ ತಾನೇ ಎಂದು ಕೇಳುತ್ತಾರೆ. ಕ್ಯಾಮ್‌ನಿಂದಲೂ ಹೌದು. ಜೊತೆಗೆ ಎರಡು ಕಾರ್ಬುರೇಟರ್, ಬೇರೆ ಹೆಡ್, ಹೆಚ್ಚಿನ ಕಂಪ್ರೆಷನ್ ಎಲ್ಲವೂ ಸೇರಿ ಬಂದದ್ದು ಅದು.

ಕ್ಯಾಮ್‌ಶಾಫ್ಟ್ ಮಾಡುವ ಕೆಲಸವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಬ್ಲಾಕಿನೊಳಗೆ ಮಲಗಿರುವ ಈ ಶಾಫ್ಟು ಟೈಮಿಂಗ್ ಚೈನಿನ ಮೂಲಕ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರ ಮೇಲಿನ ಎಂಟು ಲೋಬ್‌ಗಳು ಟ್ಯಾಪೆಟ್ಟನ್ನು ಎತ್ತುತ್ತವೆ, ಟ್ಯಾಪೆಟ್ ಪುಶ್‌ರಾಡನ್ನು, ಪುಶ್‌ರಾಡ್ ರಾಕರನ್ನು, ರಾಕರ್ ವಾಲ್ವನ್ನು. ಲೋಬಿನ ಆಕಾರವೇ ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುತ್ತದೆ. ಎಷ್ಟು ಹೊತ್ತು ಎಂಬುದನ್ನು ಕ್ರ್ಯಾಂಕಿನ ಡಿಗ್ರಿಗಳಲ್ಲಿ ಹೇಳುವುದು ರೂಢಿ. ಅದಕ್ಕೆ ಡ್ಯುರೇಷನ್ ಎನ್ನುತ್ತಾರೆ. ಕ್ಯಾಮ್ ಕೊಳ್ಳುವಾಗ ಮೊದಲು ನೋಡಬೇಕಾದ ಅಂಕಿ ಅದೇ.

ಎಂಜಿಬಿಯ ಕಂಪನಿ ಕ್ಯಾಮ್ ನೋಡಿ. ಪಿಸ್ಟನ್ ಮೇಲಿನ ತುದಿಗೆ ಬರುವುದಕ್ಕೆ 16 ಡಿಗ್ರಿ ಮುಂಚೆಯೇ ಇನ್‌ಲೆಟ್ ವಾಲ್ವ್ ತೆರೆಯುತ್ತದೆ. ಪಿಸ್ಟನ್ ಕೆಳಗಿನ ತುದಿ ಮುಟ್ಟಿ ಮತ್ತೆ ಮೇಲಕ್ಕೆ ಹೊರಟು 56 ಡಿಗ್ರಿ ಆದ ಮೇಲೆ ಮುಚ್ಚುತ್ತದೆ. ಒಟ್ಟು 252 ಡಿಗ್ರಿ. ಪಿಸ್ಟನ್ ಕೆಳಗಿಳಿಯುವುದು 180 ಡಿಗ್ರಿ ಮಾತ್ರ. ಮಿಕ್ಕದ್ದು ಏಕೆ? ಗಾಳಿಗೂ ತೂಕವಿದೆ. ಮ್ಯಾನಿಫೋಲ್ಡಿನಲ್ಲಿ ವೇಗವಾಗಿ ಬರುತ್ತಿರುವ ಗಾಳಿ ಪಿಸ್ಟನ್ ಹಿಂತಿರುಗಿದ ಕ್ಷಣಕ್ಕೇ ನಿಂತುಬಿಡುವುದಿಲ್ಲ, ಅದರ ರಭಸಕ್ಕೆ ಇನ್ನೂ ಸ್ವಲ್ಪ ಒಳಗೆ ತುಂಬಿಕೊಳ್ಳುತ್ತದೆ. ವಾಲ್ವನ್ನು ತಡವಾಗಿ ಮುಚ್ಚಿದರೆ ಆ ಲಾಭ ಸಿಗುತ್ತದೆ.

ಆದರೆ ಈ ಲಾಭ ವೇಗವಿದ್ದಾಗ ಮಾತ್ರ. 5000 ಆರ್‌ಪಿಎಂನಲ್ಲಿ ಆ 56 ಡಿಗ್ರಿ ಕಳೆಯಲು ಎರಡು ಮಿಲಿಸೆಕೆಂಡೂ ಬೇಕಿಲ್ಲ. ಐಡ್ಲಿಂಗಿನಲ್ಲಿ, 800 ಆರ್‌ಪಿಎಂನಲ್ಲಿ, ಅದಕ್ಕೆ ಹನ್ನೆರಡು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಗಾಳಿಗೆ ಆಗ ರಭಸವೂ ಇಲ್ಲ. ಮೇಲೇರುವ ಪಿಸ್ಟನ್ ಒಳಗೆ ಬಂದ ಮಿಶ್ರಣವನ್ನೇ ತೆರೆದ ವಾಲ್ವಿನ ಮೂಲಕ ಕಾರ್ಬುರೇಟರ್ ಕಡೆಗೆ ಹಿಂದೆ ತಳ್ಳುತ್ತದೆ. ಎಷ್ಟು ತಳ್ಳುತ್ತದೆ ಎಂದು ಲೆಕ್ಕ ಹಾಕಿ ನೋಡಿದ್ದೇನೆ. ಬಿ-ಸೀರೀಸಿನ ಸ್ಟ್ರೋಕ್ 88.9 ಮಿಲಿಮೀಟರ್. ಅಂಬಾಸಿಡರ್‌ಗೂ ಎಂಜಿಬಿಗೂ ಅದೇ ಅಳತೆ. 56 ಡಿಗ್ರಿಗೆ ಪಿಸ್ಟನ್ 15 ಮಿಲಿಮೀಟರಿನಷ್ಟು ಮೇಲೆ ಬಂದಿರುತ್ತದೆ. ರ್‍ಯಾಲಿಗೆಂದು ಮಾಡಿದ ದೊಡ್ಡ ಕ್ಯಾಮ್ ಹಾಕಿ ವಾಲ್ವ್ ಮುಚ್ಚುವುದು 72 ಡಿಗ್ರಿಗೆ ಹೋಯಿತು ಎನ್ನಿ, ಆಗ 25 ಮಿಲಿಮೀಟರ್. ಸ್ಟ್ರೋಕಿನ ಕಾಲು ಭಾಗಕ್ಕೂ ಹೆಚ್ಚು ಕಳೆದ ಮೇಲೆ ಕಂಪ್ರೆಷನ್ ಶುರುವಾಗುತ್ತದೆ. ಕಾಗದದ ಮೇಲೆ 8.8 ಕಂಪ್ರೆಷನ್ ಇರುವ ಎಂಜಿನ್ನಿಗೆ ಕಂಪನಿ ಕ್ಯಾಮ್‌ನಲ್ಲಿ ನಿಜವಾಗಿ ಸಿಗುವುದು 7.4ರ ಆಸುಪಾಸು. ದೊಡ್ಡ ಕ್ಯಾಮ್‌ನಲ್ಲಿ ಅದು 6.6ಕ್ಕೆ ಇಳಿಯುತ್ತದೆ. ದೊಡ್ಡ ಕ್ಯಾಮ್ ಹಾಕಿದ ಕಾರು ಸಿಗ್ನಲ್ಲಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಮುಗ್ಗರಿಸುವುದು ಇದರಿಂದ. ಅಂಥ ಕ್ಯಾಮ್ ಹಾಕುವವರು ಹೆಡ್ ಸ್ಕಿಮ್ ಮಾಡಿಸಿ ಕಂಪ್ರೆಷನ್ ಏರಿಸಬೇಕು ಎನ್ನುವುದೂ ಇದಕ್ಕೇ. ಅಂದಿನ ಪೆಟ್ರೋಲಿಗಿಂತ ಇಂದಿನದರ ಆಕ್ಟೇನ್ ಹೆಚ್ಚಿರುವುದರಿಂದ ಸ್ವಲ್ಪ ಏರಿಸಲು ಅವಕಾಶವೂ ಇದೆ. ಏರಿಸದೆ ಬರೀ ಕ್ಯಾಮ್ ಬದಲಾಯಿಸಿದರೆ ಕಾರು ಮೊದಲಿಗಿಂತ ಮಂಕಾಗುತ್ತದೆ.

ಇನ್ನೊಂದು ಸಂಗತಿ ಬಿ-ಸೀರೀಸಿಗೇ ವಿಶೇಷವಾದದ್ದು. ಬಹಳ ಮಂದಿ ಇದನ್ನು ಗಮನಿಸುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮ್ಯಾನಿಫೋಲ್ಡ್ ಬಿಚ್ಚಿ ಹೆಡ್ಡಿನ ಪಕ್ಕ ನೋಡಿದರೆ ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ತೂತು ಕಾಣುವುದು ಎರಡೇ. ಒಂದು ಮತ್ತು ಎರಡನೇ ಸಿಲಿಂಡರಿಗೆ ಸೇರಿ ಒಂದು, ಮೂರು ಮತ್ತು ನಾಲ್ಕಕ್ಕೆ ಸೇರಿ ಇನ್ನೊಂದು. ಎಕ್ಸಾಸ್ಟಿಗೆ ಮೂರು. ಫೈರಿಂಗ್ ಆರ್ಡರ್ 1-3-4-2. ಅಂದರೆ ಎರಡನೆಯದು ಗಾಳಿ ಎಳೆದ ಬೆನ್ನಿಗೇ ಒಂದನೆಯದು ಎಳೆಯುತ್ತದೆ, ಅದೂ ಅದೇ ತೂತಿನಿಂದ. ಮೂರು-ನಾಲ್ಕರ ಕಥೆಯೂ ಹಾಗೇ. ಎರಡನೇ ಸಿಲಿಂಡರಿನ ಪಿಸ್ಟನ್ ಕೆಳಗಿನ ತುದಿಯಲ್ಲಿರುವಾಗ ಒಂದನೆಯದು ಮೇಲಿನ ತುದಿಯಲ್ಲಿರುತ್ತದೆ. ಎಂಜಿಬಿ ಕ್ಯಾಮ್‌ನಲ್ಲಿ ಮೊದಲಿನದು ಮುಚ್ಚುವುದು 56 ಡಿಗ್ರಿ ನಂತರ, ಮುಂದಿನದು ತೆರೆಯುವುದು 16 ಡಿಗ್ರಿ ಮುಂಚೆ. ಒಟ್ಟು 72 ಡಿಗ್ರಿಯಷ್ಟು ಕಾಲ ಎರಡೂ ವಾಲ್ವ್ ಒಂದೇ ದಾರಿಗೆ ತೆರೆದಿರುತ್ತವೆ. ಒಂದೇ ನಲ್ಲಿಗೆ ಎರಡು ಪೈಪು ಸಿಕ್ಕಿಸಿ ಇಬ್ಬರು ಒಟ್ಟಿಗೆ ನೀರು ಹಿಡಿದ ಹಾಗೆ, ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕುತ್ತಾರೆ. ಲೆಕ್ಕ ಸುಲಭ: ಇನ್‌ಲೆಟ್ ಡ್ಯುರೇಷನ್ನಿನಲ್ಲಿ 180 ಕಳೆದರೆ ಆಯಿತು. 270ರ ಕ್ಯಾಮ್‌ಗೆ 90 ಡಿಗ್ರಿ, 285ಕ್ಕೆ 105. ಡ್ಯುರೇಷನ್ ಹೆಚ್ಚಿದಷ್ಟೂ ಒಂದು ಸಿಲಿಂಡರ್ ಇನ್ನೊಂದರ ಮಿಶ್ರಣ ಕಸಿಯುತ್ತದೆ. ಕಾರ್ಬುರೇಟರ್ ಎಷ್ಟು ನಾಜೂಕಾಗಿ ಕೂರಿಸಿದರೂ ನಾಲ್ಕು ಸಿಲಿಂಡರಿಗೂ ಒಂದೇ ಹದದ ಮಿಶ್ರಣ ಹೋಗುವುದಿಲ್ಲ. ಪ್ರತಿ ಸಿಲಿಂಡರಿಗೂ ಬೇರೆ ತೂತಿರುವ ಜಪಾನಿ ಎಂಜಿನ್ನಿನ ಅನುಭವವನ್ನು ತಂದು ಇದಕ್ಕೆ ಹೊಂದಿಸಿದರೆ ಹೊಂದುವುದಿಲ್ಲ. 270 ಎಂದರೆ ಅಲ್ಲಿ ಸಾಧು, ಇಲ್ಲಿ ಸ್ವಲ್ಪ ಒರಟು.

ಎಕ್ಸಾಸ್ಟ್ ಮುಚ್ಚುವ ಮೊದಲೇ ಇನ್‌ಲೆಟ್ ತೆರೆಯುವುದಕ್ಕೆ ಓವರ್‌ಲ್ಯಾಪ್ ಎನ್ನುತ್ತಾರೆ. ಎಂಜಿಬಿಯಲ್ಲಿ ಅದು 37 ಡಿಗ್ರಿ. ಅದು ಹೆಚ್ಚಿದಂತೆ ಐಡ್ಲಿಂಗಿನಲ್ಲಿ ಸುಟ್ಟ ಹೊಗೆ ಇನ್‌ಲೆಟ್ ಕಡೆಗೆ ನುಗ್ಗಿ ಎಂಜಿನ್ ಡಗ್ ಡಗ್ ಎಂದು ಕುಂಟುತ್ತದೆ. ಆ ಸದ್ದು ಕೆಲವರಿಗೆ ಪ್ರಾಣ. ನನಗೂ ಆ ಸದ್ದು ಕೇಳಲು ಹಿತವೇ. ಆದರೆ ಸದ್ದಿಗಾಗಿ ಕ್ಯಾಮ್ ಆರಿಸಬೇಡಿ. ಮೇ ತಿಂಗಳ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನಲ್ಲಿ ಅದೇ ಸದ್ದು, ಬಿಸಿಯಾದ ಎಂಜಿನ್, ಏರುತ್ತಿರುವ ಟೆಂಪರೇಚರ್ ಮುಳ್ಳು ಎಲ್ಲವೂ ಸೇರಿದರೆ ಪಕ್ಕದಲ್ಲಿ ಕೂತವರಿಗೆ ಹಿತವಾಗಿರುವುದಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ, ಹೊಸ ಕ್ಯಾಮ್ ಮಾತಿಗೆ ಮುಂಚೆ ನಾನು ಎಲ್ಲರಿಗೂ ಹೇಳುವ ಕೆಲಸ ಒಂದಿದೆ: ಒಳಗಿರುವ ಹಳೆಯ ಕ್ಯಾಮ್ ಅಳೆಯಿರಿ. ಪಿಕಪ್ ಇಲ್ಲ ಎಂದು ಬಂದ ಅಂಬಾಸಿಡರ್‌ಗಳಲ್ಲಿ ಎಷ್ಟೋ ಕಾರುಗಳ ರೋಗ ಕಂಪನಿ ಕ್ಯಾಮ್ ಚಿಕ್ಕದೆಂಬುದಲ್ಲ, ಅದು ಸವೆದಿದೆ ಎಂಬುದು. ಎಂಜಿನ್ ಬೋರ್ ಮಾಡಿಸುವಾಗ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹೊಸದು ಹಾಕಿ, ಕ್ಯಾಮ್‌ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾಗೇ ಮತ್ತೆ ಕೂರಿಸುವುದು ನಮ್ಮಲ್ಲಿ ಮಾಮೂಲು.

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ಇಂಥದ್ದೊಂದು ಮಾರ್ಕ್ 2 ಅಂಬಾಸಿಡರ್‌ನ ಅಳತೆ ನಡೆದಾಗ ನಾನು ಪಕ್ಕದಲ್ಲಿದ್ದೆ. ಮೆಕ್ಯಾನಿಕ್ ಭಾಯ್ ಬಿ-ಸೀರೀಸಿನಲ್ಲೇ ತಲೆ ನರೆಸಿಕೊಂಡವರು. ನಾಲ್ಕು ಪ್ಲಗ್ ಬಿಚ್ಚಿ ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುವಂತೆ ಮಾಡಿಕೊಂಡರು. ರಾಕರ್ ಕವರ್ ತೆಗೆದರು, ರಾಕರ್ ಶಾಫ್ಟ್ ಮುಟ್ಟಲಿಲ್ಲ. ಅದನ್ನು ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ಹೆಡ್ಡಿನ ನಟ್‌ಗಳೂ ಹೌದು, ಅವನ್ನು ಸಡಿಲಿಸಿದರೆ ಗ್ಯಾಸ್ಕೆಟ್‌ಗೆ ಅಪಾಯ. ಒಂದೊಂದೇ ವಾಲ್ವಿನ ಟ್ಯಾಪೆಟ್ ಸಂದನ್ನು ಸೊನ್ನೆಗೆ ತಂದು, ಡಯಲ್ ಗೇಜಿನ ಮೊನೆಯನ್ನು ವಾಲ್ವ್ ಸ್ಪ್ರಿಂಗಿನ ಟೊಪ್ಪಿಗೆಯ ಮೇಲೆ ನೆಟ್ಟಗೆ ಇಟ್ಟು, ಹುಡುಗನಿಗೆ "ನಿಧಾನ ತಿರುಗಿಸಪ್ಪ, ನಿಧಾನ" ಎಂದರು. ಗೇಜಿನ ಮುಳ್ಳು ಸುತ್ತು ಹಾಕುತ್ತಾ ಹೋಗಿ ಒಂದು ಕಡೆ ಅರೆಕ್ಷಣ ನಿಂತು ಹಿಂದಿರುಗುತ್ತಿತ್ತು. ನಿಂತ ಜಾಗದ ಅಂಕಿಯನ್ನು ಸೀಮೆಸುಣ್ಣದಲ್ಲಿ ಮಡ್‌ಗಾರ್ಡಿಗೆ ಹೊದಿಸಿದ ರಟ್ಟಿನ ಮೇಲೆ ಬರೆದರು. ಏಳು ವಾಲ್ವುಗಳ ಲೆಕ್ಕ ಎರಡು ಮೂರು ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಆಚೀಚೆ ಒಂದೇ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಮಾತ್ರ ಮಿಕ್ಕವಕ್ಕಿಂತ ಅರವತ್ತು ಥೌ ಕಡಿಮೆ, ಅಂದರೆ ಒಂದೂವರೆ ಮಿಲಿಮೀಟರ್. ಭಾಯ್ ನನ್ನ ಕಡೆ ತಿರುಗಿ, "ಇದು ಕಾರ್ಬುರೇಟರ್‌ನಲ್ಲಿ ಪಟ್ ಪಟ್ ಅಂತಿತ್ತಲ್ಲ ಸಾರ್, ಇದಕ್ಕೇ" ಎಂದರು. ಎಕ್ಸಾಸ್ಟ್ ಸರಿಯಾಗಿ ತೆರೆಯದೆ ಹೊರಗೆ ಹೋಗಲಾಗದ ಹೊಗೆ, ಇನ್‌ಲೆಟ್ ತೆರೆದ ಕೂಡಲೇ ಆ ಕಡೆ ನುಗ್ಗುತ್ತಿತ್ತು. ಆ ಕಾರಿನ ಕಾರ್ಬುರೇಟರ್ ಅದಕ್ಕೆ ಮೊದಲು ಎರಡು ಬೇರೆ ಬೇರೆ ಕಡೆ ಓವರ್‌ಹಾಲ್ ಆಗಿತ್ತು. ಅದಕ್ಕೆ ಹೊಸ ಟ್ಯಾಪೆಟ್‌ಗಳೊಂದಿಗೆ ಸವೆಯದ ಕಂಪನಿ ಕ್ಯಾಮ್ ಹಾಕಿ, ಹೊಸ ಟೈಮಿಂಗ್ ಚೈನ್ ಹಾಕಿದರು. ಮಾಲೀಕರು ಪರ್ಫಾರ್ಮೆನ್ಸ್ ಕ್ಯಾಮ್ ಮಾತನ್ನು ಆಮೇಲೆ ಎತ್ತಲಿಲ್ಲ.

ಟೈಮಿಂಗ್ ಚೈನಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಚೈನ್ ಜೋತುಬಿದ್ದರೆ ಕ್ಯಾಮ್ ಹಿಂದೆ ಬೀಳುತ್ತದೆ. ಕ್ರ್ಯಾಂಕ್ ಲೆಕ್ಕದಲ್ಲಿ ನಾಲ್ಕೈದು ಡಿಗ್ರಿ ಹಿಂದೆ ಬಿದ್ದರೂ ಕೆಳಗಿನ ಎಳೆತ ಕಡಿಮೆಯಾಗುತ್ತದೆ. ಸ್ಪ್ರಾಕೆಟ್ಟಿನ ಮೇಲಿನ ಚುಕ್ಕಿಗಳನ್ನು ಎದುರುಬದುರು ಇಟ್ಟರೆ ಸಾಕು ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಕಂಪನಿ ಕ್ಯಾಮ್‌ಗೆ, ಹೊಸ ಚೈನಿಗೆ ಅದು ಸಾಕಾಗಬಹುದು. ರೀಗ್ರೈಂಡ್ ಮಾಡಿಸಿದ್ದಕ್ಕೋ ಹೊರಗಿಂದ ತರಿಸಿದ್ದಕ್ಕೋ ಸಾಲದು. ಕ್ರ್ಯಾಂಕಿನ ತುದಿಗೆ ಡಿಗ್ರಿ ಪ್ಲೇಟ್ ಕೂರಿಸಿ, ಒಂದನೇ ಸಿಲಿಂಡರಿನ ಇನ್‌ಲೆಟ್ ಪೂರ್ತಿ ತೆರೆಯುವುದು ಎಷ್ಟು ಡಿಗ್ರಿಯಲ್ಲಿ ಎಂದು ನೋಡಬೇಕು. ಎಂಜಿಬಿ ಕಂಪನಿ ಕ್ಯಾಮ್‌ನಲ್ಲಿ ಅದು ಪಿಸ್ಟನ್ ಮೇಲಿನ ತುದಿ ದಾಟಿ 110 ಡಿಗ್ರಿಗೆ. ಹೊಸ ಕ್ಯಾಮ್‌ನ ಜೊತೆಗೆ ಬರುವ ಕಾಗದದಲ್ಲಿ ಈ ಅಂಕಿ ಇರುತ್ತದೆ. ಅಳತೆ ತಪ್ಪಿದರೆ ಆಫ್‌ಸೆಟ್ ಕೀಲಿ ಹಾಕಿ ಸರಿಮಾಡುತ್ತಾರೆ. ಈ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ, ಮೆಕ್ಯಾನಿಕ್ ಅದಕ್ಕೆ ಬೇರೆ ಮಜೂರಿ ಕೇಳಿದರೆ ಕೊಡಿ. ಅದಕ್ಕಿಂತ ಸಾರ್ಥಕವಾದ ಖರ್ಚು ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ.

ಅಳತೆಯ ಕಾಗದವಿಲ್ಲದ ಕ್ಯಾಮ್ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಊರುಗಳ ಲೇತ್ ಅಂಗಡಿಗಳಲ್ಲಿ ಹಳೆಯ ಕ್ಯಾಮನ್ನೇ ಅರೆದು "ರೇಸ್ ಕ್ಯಾಮ್" ಮಾಡಿಕೊಡುತ್ತಾರೆ. ಕೆಲವರ ಕೈ ನಿಜಕ್ಕೂ ಒಳ್ಳೆಯದು. ಆದರೆ ಡ್ಯುರೇಷನ್ ಎಷ್ಟು, ಲಿಫ್ಟ್ (ವಾಲ್ವ್ ಏಳುವ ಎತ್ತರ) ಎಷ್ಟು ಎಂದು ಬರೆದುಕೊಡಿ ಎಂದರೆ "ಹಾಕಿ ನೋಡಿ ಸಾರ್, ಹಾರತ್ತೆ" ಎನ್ನುವ ಕಡೆಯಿಂದ ಎದ್ದು ಬನ್ನಿ. ಅರೆದಾಗ ಲೋಬಿನ ಮೇಲ್ಮೈಯ ಗಟ್ಟಿ ಪದರ ತೆಳುವಾಗುತ್ತದೆ. ಪೂರ್ತಿ ಅರೆದುಹೋದರೆ ಆ ಕ್ಯಾಮ್ ಬಹಳ ದಿನ ಬಾಳುವುದಿಲ್ಲ. ಅಂಕಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ವಾಲ್ವ್ ಆಗಷ್ಟೇ ಅಲುಗಿದ ಕಡೆಯಿಂದ ಡ್ಯುರೇಷನ್ ಅಳೆಯುವವರಿದ್ದಾರೆ, ಟ್ಯಾಪೆಟ್ 50 ಥೌ ಎದ್ದ ಮೇಲಿಂದ ಅಳೆಯುವವರೂ ಇದ್ದಾರೆ. ಒಂದೇ ಕ್ಯಾಮ್‌ಗೆ ಈ ಎರಡು ಲೆಕ್ಕಗಳ ನಡುವೆ ಹತ್ತಾರು ಡಿಗ್ರಿ ಅಂತರ ಬರುತ್ತದೆ.

ಹಾಗಾದರೆ ಎಷ್ಟು ಡಿಗ್ರಿ? ನನ್ನ ಸಲಹೆ ಇದು. ಒಂದೇ ಕಾರ್ಬುರೇಟರ್, ಕಂಪನಿ ಹೆಡ್, ಕಂಪನಿ ಸೈಲೆನ್ಸರ್ ಇರುವ ಅಂಬಾಸಿಡರ್‌ಗೆ ಎಂಜಿಬಿಯ 252 ಡಿಗ್ರಿಯ ಅಳತೆಯೇ ಮೇಲ್ಮಿತಿ. ಬಾಡಿಗೆಗೂ ಸಂಸಾರಕ್ಕೂ ಎಂದು ಮಾಡಿದ ಎಂಜಿನ್ನಿನ ಕ್ಯಾಮ್ ಅದಕ್ಕಿಂತ ಸೌಮ್ಯವಾದದ್ದು. ಅದರಿಂದ 252ಕ್ಕೆ ಏರಿದರೆ ಹೈವೇಯಲ್ಲಿ ಬದಲಾವಣೆ ಕಾಲಿಗೆ ತಿಳಿಯುತ್ತದೆ, ಊರೊಳಗೆ ನಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ಎರಡು ಎಸ್‌ಯು ಕಾರ್ಬುರೇಟರ್ ಹಾಕಿ, ಹೆಡ್ಡಿನ ಪೋರ್ಟ್ ಬಿಡಿಸಿ, ವಾಲ್ವ್ ಸೀಟ್ ಸರಿಯಾಗಿ ಕತ್ತರಿಸಿ, ಕಂಪ್ರೆಷನ್ ಏರಿಸಿ, ಎಕ್ಸಾಸ್ಟನ್ನೂ ಸಲೀಸು ಮಾಡಿದವರು 270ರವರೆಗೆ ಹೋಗಬಹುದು. ಇಂಗ್ಲೆಂಡಿನ ಪೈಪರ್ ಕಂಪನಿ ಬಿ-ಸೀರೀಸಿಗೆ 270, 285 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕ್ಯಾಮ್ ಮಾಡುತ್ತದೆ. 285 ನಮ್ಮ ರಸ್ತೆಗೆ ಬೇಡ. ಎರಡರ ನಡುವೆ ಮನಸ್ಸು ತೂಗುತ್ತಿದ್ದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಎಂಜಿಬಿಯ ಕ್ಯಾಮ್ ಅಂಬಾಸಿಡರ್‌ಗೆ ಕಣ್ಣುಮುಚ್ಚಿ ಕೂರುತ್ತದೆ ಎಂದುಕೊಳ್ಳಬೇಡಿ. ಮನೆತನ ಒಂದೇ ಆದರೂ ಆಯಿಲ್ ಪಂಪಿನ ಜೋಡಣೆ, ಟ್ಯಾಪೆಟ್, ಮುಂದಿನ ಸ್ಪ್ರಾಕೆಟ್ ಇವನ್ನೆಲ್ಲ ಹಳೆಯದರ ಪಕ್ಕದಲ್ಲಿಟ್ಟು ಅಳೆದು ಖಾತ್ರಿಪಡಿಸಿಕೊಂಡ ಮೇಲೇ ದುಡ್ಡು ಕೊಡಿ.

ದೊಡ್ಡದು ಬೇಡ ಎನ್ನಲು ಇನ್ನೊಂದು ಬಲವಾದ ಕಾರಣ ಎಂಜಿನ್ನಿನ ಕೆಳಭಾಗದಲ್ಲಿದೆ. 1489 ಸಿಸಿಯ ಕ್ರ್ಯಾಂಕನ್ನು ಹಿಡಿದಿರುವುದು ಮೂರೇ ಮೇನ್ ಬೇರಿಂಗ್. ಎಂಜಿಬಿಗೂ ಮೊದಲು ಮೂರೇ ಇದ್ದವು, 1964ರ ಕೊನೆಗೆ ಐದು ಮಾಡಿದರು. ಸ್ಟ್ರೋಕ್ ಉದ್ದವಾದ್ದರಿಂದ 4500 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13 ಮೀಟರ್ ಮೀರಿರುತ್ತದೆ, 6000ಕ್ಕೆ 18ರ ಹತ್ತಿರ ಹೋಗುತ್ತದೆ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡು ತುದಿಗಳಲ್ಲಿ ಎಳೆಯುವ ಹೊರೆ ವೇಗದ ವರ್ಗದಂತೆ ಏರುವುದರಿಂದ ಈ ಎರಡರ ನಡುವೆ ಹೊರೆ ಮುಕ್ಕಾಲು ಪಾಲು ಹೆಚ್ಚಾಗುತ್ತದೆ. ಮದರಾಸಿನ ಬಳಿಯ ಶೋಲಾವರಂ ಹಳೆಯ ವಿಮಾನಪಟ್ಟಿಯಲ್ಲಿ ಫಿಯೆಟ್, ಹೆರಾಲ್ಡ್, ಅಂಬಾಸಿಡರ್‌ಗಳನ್ನು ಓಡಿಸುತ್ತಿದ್ದವರಿಗೆ ಮೇಲಿನ ಆರ್‌ಪಿಎಂ ಬೇಕಿತ್ತು, ಎಂಜಿನ್ ಬಿಚ್ಚಿ ಕಟ್ಟುವುದಕ್ಕೂ ಅವರು ತಯಾರಿದ್ದರು. ನಮ್ಮ ನಿಮ್ಮ ಅಂಬಾಸಿಡರ್ ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವಾಗ ಟಾಪ್ ಗೇರಿನಲ್ಲಿ ಎಂಜಿನ್ ತಿರುಗುವುದು 3000ದ ಆಸುಪಾಸು. ಚಾರ್ಮಾಡಿಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಿದಾಗ ಅದಕ್ಕಿಂತ ಕಡಿಮೆಯೂ ಇರಬಹುದು. 5500ಕ್ಕೆ ಜೀವ ಬರುವ ಕ್ಯಾಮ್ ಅಲ್ಲಿ ಏನು ಮಾಡೀತು?

ಲಿಫ್ಟ್ ವಿಷಯ ಹೆಚ್ಚಿಲ್ಲ. ಎಂಜಿಬಿಯಲ್ಲಿ ವಾಲ್ವ್ ಏಳುವುದು 9.26 ಮಿಲಿಮೀಟರ್. ಡ್ಯುರೇಷನ್ ಹೆಚ್ಚಿಸದೆ ಲಿಫ್ಟ್ ಸ್ವಲ್ಪ ಹೆಚ್ಚಿದರೆ ಕೆಳಗಿನ ಎಳೆತಕ್ಕೆ ಅಷ್ಟು ಧಕ್ಕೆಯಿಲ್ಲ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟದೆ ನಡುವೆ ಸಂದು ಉಳಿಯುತ್ತದೆಯೇ, ಸ್ಪ್ರಿಂಗಿನ ಟೊಪ್ಪಿಗೆ ಗೈಡಿಗೆ ತಾಗುತ್ತದೆಯೇ ಎಂದು ಎರಡು ಕಡೆ ನೋಡಿದರೆ ಸಾಕು.

ಕಾಗದಪತ್ರದ ಮಾತೊಂದಿದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ವಾಹನ ಮೂಲ ಸ್ವರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎನ್ನುತ್ತದೆ ಅದು. ಆ ಸಾಲಿನಲ್ಲಿ ನೋಂದಾಯಿಸುವ ಆಸೆಯಿರುವವರು ಸವೆಯದ ಕಂಪನಿ ಅಳತೆಯ ಕ್ಯಾಮ್‌ನಲ್ಲೇ ತೃಪ್ತಿಪಡುವುದು ಲೇಸು. ಬೇರೆ ಹಾಕಿಸಿದರೂ ಹಳೆಯದನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಹಚ್ಚಿ, ಬಾಗದಂತೆ ನೆಟ್ಟಗೆ ನೇತುಹಾಕಿಡಿ.

ಇನ್ನು ಹಾಕಿದ ಮೇಲಿನ ಮೊದಲ ಅರ್ಧ ಗಂಟೆ. ಒಳ್ಳೆಯ ಕ್ಯಾಮ್‌ಗಳು ಹಾಳಾಗುವುದು ಬಹುಪಾಲು ಆಗಲೇ. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್ ಕಡ್ಡಾಯ. ಹಳೆಯ ಟ್ಯಾಪೆಟ್ಟಿನ ತಳ ಹಳೆಯ ಲೋಬಿಗೆ ತಕ್ಕಂತೆ ಸವೆದಿರುತ್ತದೆ, ಹೊಸ ಲೋಬನ್ನು ಅದು ಕೊರೆಯುತ್ತದೆ. ಟ್ಯಾಪೆಟ್ಟಿನ ತಳ ನೋಡಲು ಚಪ್ಪಟೆ, ನಿಜವಾಗಿ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಹಾಗಿರುವುದರಿಂದಲೇ ಅದು ಓಡುವಾಗ ತನ್ನ ಸುತ್ತ ತಾನೇ ತಿರುಗುತ್ತಾ ಸವೆತವನ್ನು ಹಂಚಿಕೊಳ್ಳುತ್ತದೆ. ಜೋಡಿಸುವಾಗ ಲೋಬಿಗೂ ಟ್ಯಾಪೆಟ್ಟಿನ ತಳಕ್ಕೂ ಮಾಲಿಬ್ಡಿನಂ ಗ್ರೀಸ್ ಧಾರಾಳವಾಗಿ ಹಚ್ಚಬೇಕು. ಎಂಜಿನ್ ಶುರುವಾದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಹಿಡಿಯಬೇಕು. ಐಡ್ಲಿಂಗಿನಲ್ಲಿ ಬಿಡಲೇಬಾರದು, ಏಕೆಂದರೆ ಕ್ರ್ಯಾಂಕಿನಿಂದ ಸಿಡಿದ ಎಣ್ಣೆಯೇ ಕ್ಯಾಮನ್ನು ನೆನೆಸಬೇಕು, ನಿಧಾನವಾಗಿ ತಿರುಗುವಾಗ ಅದು ಸಾಕಷ್ಟು ಸಿಡಿಯುವುದಿಲ್ಲ. ಆದ್ದರಿಂದ ಇಗ್ನಿಷನ್ ಟೈಮಿಂಗ್, ರೇಡಿಯೇಟರ್ ನೀರು, ಕಾರ್ಬುರೇಟರ್‌ಗೆ ಪೆಟ್ರೋಲ್ ಎಲ್ಲವನ್ನೂ ಮೊದಲೇ ಸರಿಮಾಡಿಕೊಂಡು, ಮೊದಲ ಸಲಕ್ಕೇ ಸ್ಟಾರ್ಟ್ ಆಗುವಂತೆ ನೋಡಿಕೊಳ್ಳಿ. ಆಯಿಲ್ ಹಾಕುವಾಗ ಜಿಂಕ್ ಮತ್ತು ರಂಜಕದ ಅಂಶ ಹೆಚ್ಚಿರುವ 20ಡಬ್ಲ್ಯು-50 ಕೇಳಿ. ಆ ಅಂಶ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಹೊಸ ಕಾರುಗಳ ಎಣ್ಣೆಯಲ್ಲಿ ಕಡಿಮೆ ಮಾಡಿದ್ದಾರೆ. ನಮ್ಮ ಹಳೆಯ ಎಂಜಿನ್ನಿಗೆ ಕನ್ವರ್ಟರ್ ಇಲ್ಲ, ಅದರ ಟ್ಯಾಪೆಟ್‌ಗಳಿಗೆ ಆ ರಕ್ಷಣೆ ಬೇಕೇ ಬೇಕು.

ಐನೂರು ಕಿಲೋಮೀಟರ್ ಆದ ಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ, ಎಂಜಿನ್ ತಣ್ಣಗಿರುವಾಗ ಎಂಟೂ ಟ್ಯಾಪೆಟ್ ಸಂದನ್ನು ಕ್ಯಾಮ್‌ನ ಕಾಗದದಲ್ಲಿ ಹೇಳಿದ ಅಳತೆಗೆ ಇಡಿಸಿ. ಯಾವುದಾದರೂ ಒಂದರ ಸಂದು ಮಾತ್ರ ಪದೇ ಪದೇ ದೊಡ್ಡದಾಗುತ್ತಿದ್ದರೆ ಆ ಲೋಬ್ ಸವೆಯುತ್ತಿದೆ ಎಂದರ್ಥ, ತಡಮಾಡದೆ ಪಕ್ಕದ ಕವರ್ ಬಿಚ್ಚಿಸಿ ನೋಡಿ. ಲಾಭವಾಯಿತೇ ಎಂದು ತಿಳಿಯಲು ಡೈನೋ ಬೇಕಾಗಿಲ್ಲ. ಕ್ಯಾಮ್ ಬದಲಿಸುವ ಮುಂಚೆ ನಿಮ್ಮ ಊರ ಹತ್ತಿರದ ಒಂದು ಏರು ರಸ್ತೆಯಲ್ಲಿ, ವಾಹನಸಂಚಾರ ಇಲ್ಲದ ಹೊತ್ತಿನಲ್ಲಿ, ಮೂರನೇ ಗೇರಿನಲ್ಲಿ 30ರಿಂದ 60 ಕಿಲೋಮೀಟರ್ ವೇಗಕ್ಕೆ ಏರಲು ಎಷ್ಟು ಸೆಕೆಂಡ್ ಹಿಡಿಯುತ್ತದೆಂದು ಪಕ್ಕದಲ್ಲಿ ಕೂತವರಿಂದ ಬರೆಸಿಕೊಳ್ಳಿ. ಬದಲಿಸಿದ ಮೇಲೆ ಅದೇ ರಸ್ತೆಯಲ್ಲಿ ಮತ್ತೆ ಬರೆಸಿ. ಎರಡೂ ಸಲ ಕಾರಿನಲ್ಲಿ ಅಷ್ಟೇ ಜನ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್, ಟೈರಿನಲ್ಲಿ ಅಷ್ಟೇ ಗಾಳಿ ಇರಲಿ.